ಖಾಲಿ ಕ್ಯಾಬಿನ್ ಮತ್ತು ಒಂದು ಜೊತೆ ಕಿವಿ

ಸ್ಟುಡಿಯೊದ ಮ್ಯಾನೇಜರು ಕೆಲಸ ಬಿಟ್ಟುಹೋದ ಮೇಲೆ ಅವರ ಗಾಜಿನ ಕ್ಯಾಬಿನ್ ಖಾಲಿ ಬಿದ್ದಿತ್ತು. ಅದರೊಳಗೆ ಒಂದು ಮೇಜು, ಎರಡು ಫೋನು, ಯಾವ ರೂಮು ಯಾರಿಗೆ ಎಂದು ಬರೆಯುವ ಬಿಳಿ ಹಲಗೆ. ರಸ್ತೆಯ ಕಡೆಗೆ ಒಂದು ಕಿಟಕಿಯೂ ಇತ್ತು. ಮಾಲೀಕರು ಆ ಕುರ್ಚಿಯನ್ನು ತಮ್ಮ ಹಿರಿಯ ಸೌಂಡ್ ಇಂಜಿನಿಯರ್‌ಗೆ ಕೊಡಬೇಕೆಂದಿದ್ದರು.

"ಅಲ್ಲಿ ಕೂತೂ ಕೂತೂ ಸಾಕಾಗಿಲ್ವಾ ಗುರು? ಇಲ್ಲೂ ಕೂರೋದೇ ಕೆಲಸ. ಆದ್ರೆ ಇಲ್ಲಿ ಬೆಳಕು ಬರುತ್ತೆ," ಎಂದರು.

"ನೋಡೋಣ," ಎಂದರು ಇಂಜಿನಿಯರ್.

"ತಿಂಗಳ ಕೊನೆವರೆಗೂ ನೋಡು. ಆಮೇಲೆ ನಾನು ಬೇರೆಯವರನ್ನ ನೋಡ್ತೀನಿ."

ಬೇಡ ಎನ್ನಲು ಇಂಜಿನಿಯರ್ ಬಳಿ ಕಾರಣವಿರಲಿಲ್ಲ. ಬೇಕು ಎನ್ನಲು ಬಾಯಿ ಬರಲಿಲ್ಲ. ಕ್ಯಾಬಿನ್ ಒಪ್ಪಿಕೊಂಡರೆ ದನಿಯ ಕೆಲಸ ಅಲ್ಲಿಗೆ ಮುಗಿಯಿತು. ಫೋನು ಎತ್ತುವುದು, ಕಲಾವಿದರಿಗೆ ಸಮಯ ಹೇಳುವುದು, ಎಸಿ ರಿಪೇರಿಯವರ ಹಿಂದೆ ಬೀಳುವುದು. ಇಪ್ಪತ್ತು ಚಿಲ್ಲರೆ ವರ್ಷ ಮಾಡಿದ ಕೆಲಸವನ್ನು ಗಾಜಿನ ಆಚೆಯಿಂದ ನೋಡುತ್ತಾ ಕೂರುವುದು. ಅದು ಕಷ್ಟವೆನಿಸೀತೇ ಎಂದು ತಮ್ಮನ್ನೇ ಕೇಳಿಕೊಂಡರು. ಅಷ್ಟೇನೂ ಕಷ್ಟವೆನಿಸಲಿಲ್ಲ. ಅವರನ್ನು ಹೆದರಿಸಿದ್ದು ಅದೇ.

ಸ್ಟುಡಿಯೊದಲ್ಲಿ ಎಲ್ಲರೂ ಅವರನ್ನು 'ಸ್ವಲ್ಪ ಸಾರ್' ಎನ್ನುತ್ತಾರೆ. ಮೈಕಿನ ಮುಂದೆ ನಿಂತವರಿಗೆಲ್ಲ ಅವರು ಹೇಳುವ ಮಾತು ಅದರಿಂದಲೇ ಶುರು. ಸ್ವಲ್ಪ ಹಿಂದೆ. ಸ್ವಲ್ಪ ಎಡಕ್ಕೆ. ಸ್ವಲ್ಪ ನೀರು ಕುಡೀರಿ. ಒಮ್ಮೆ ಒಬ್ಬ ದಪ್ಪ ದನಿಯ ಕಲಾವಿದ ಸಿಟ್ಟಾಗಿ, "ಸಾರ್, ನಾನು ಸ್ವಲ್ಪ ಸ್ವಲ್ಪ ಅಂತ ಹಿಂದೆ ಹೋಗಿ ಬಾಗಿಲಾಚೆ ಬಂದಿದೀನಿ, ಇಲ್ಲಿಂದ ಕೇಳ್ಸುತ್ತಾ?" ಎಂದಿದ್ದ. ಹೆಸರು ಅಂದಿನಿಂದ ಅಂಟಿಕೊಂಡಿತು. ಅವರ ಚೆಕ್ಕಿನ ಮೇಲಿರುವ ಹೆಸರು ಲೆಕ್ಕದ ಗುಮಾಸ್ತೆಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿದ್ದಂತಿಲ್ಲ.

ಈ ಕೆಲಸಕ್ಕೆ ಅವರು ಬಂದದ್ದು ಬೆನ್ನಿನ ದೆಸೆಯಿಂದ. ಆರ್ಕೆಸ್ಟ್ರಾ ತಂಡವೊಂದಕ್ಕೆ ಸ್ಪೀಕರ್ ಪೆಟ್ಟಿಗೆ ಹೊರಲು ಗಟ್ಟಿ ಬೆನ್ನಿನ ಹುಡುಗರು ಬೇಕಿದ್ದರು, ಇವರದು ಆಗ ಗಟ್ಟಿಯಾಗಿತ್ತು. ಈಗಿನ ಮಾಲೀಕರು ಅದೇ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ ಉಳಿದ ಹುಡುಗರು ಮಲಗಲು ಜಾಗ ಹುಡುಕಿದರೆ, ಇವರು ಸೌಂಡ್ ಬೋರ್ಡಿನ ಪಕ್ಕ ನಿಲ್ಲುತ್ತಿದ್ದರು. ಬೋರ್ಡಿನವನಿಗೆ ಜ್ವರ ಬಂದ ಒಂದು ಸಂಜೆ ಕೈ ಹಾಕಿದರು. ಹಾಕಿದ ಕೈ ಮತ್ತೆ ತೆಗೆಯಲಿಲ್ಲ.

ಸ್ಟುಡಿಯೊ ಸೇರಿದ ಮೊದಲ ವರ್ಷಗಳಲ್ಲಿ ಅವರಿಗೆ ಕಲಿಯುವ ಹುಚ್ಚಿತ್ತು. ಒಂದೇ ವಾಕ್ಯವನ್ನು ಮೈಕಿನಿಂದ ಗೇಣು ದೂರ ನಿಂತು ಓದಿಸುವರು, ಎರಡು ಗೇಣಿಗೆ ಸರಿದು ಓದಿಸುವರು, ಹಿಂದೆ ಕಂಬಳಿ ತೂಗುಹಾಕಿ ಓದಿಸುವರು. ಬಸ್ಸು ಸೇತುವೆಯ ಕೆಳಗೆ ಹೋದಾಗ ಕಂಡಕ್ಟರನ ದನಿ ಹೇಗೆ ಬದಲಾಯಿತೆಂದು ಕೇಳಿ, ಇಳಿಯುವ ಸ್ಟಾಪು ತಪ್ಪಿಸಿಕೊಂಡದ್ದೂ ಉಂಟು. ಯಾರೂ ಹೇಳಿಕೊಟ್ಟದ್ದಲ್ಲ. ಕೇಳಿಸಿತು, ಕೇಳಿಸಿಕೊಂಡರು.

ಆಮೇಲೆ ದಿನದ ಧಾರಾವಾಹಿಗಳು ಬಂದವು. ಬೆಳಿಗ್ಗೆ ಬಂದ ಕಂತು ಸಂಜೆಯೊಳಗೆ ಹೋಗಬೇಕು. ಮಾತು ಶುದ್ಧ ಮಾಡಿ, ಹಿನ್ನೆಲೆ ಸಂಗೀತ ಕೂಡಿಸಿ, ಬಾಗಿಲು ಬಡಿದ ಸದ್ದು ಬಾಗಿಲು ಬಡಿದಾಗಲೇ ಬರುವಂತೆ ಜೋಡಿಸಿ ಕಳಿಸಬೇಕು. ಮೂರು ಧಾರಾವಾಹಿ ಒಟ್ಟಿಗೆ ಮೈಮೇಲೆ ಬಿದ್ದ ಒಂದು ವಾರ, ಅವರು ದನಿ ತಿದ್ದುವ ಒಂದು ಕ್ರಮವನ್ನು ಸಿದ್ಧಮಾಡಿ ಕಂಪ್ಯೂಟರಿನಲ್ಲಿ ಉಳಿಸಿಟ್ಟರು. ತಗ್ಗು ಭಾಗವನ್ನು ಇಷ್ಟು ಕಡಿ, ಮೇಲಿನದನ್ನು ಇಷ್ಟು ಏರಿಸು, ಕೂಗಿದರೆ ತಗ್ಗಿಸು, ಪಿಸುಗುಟ್ಟಿದರೆ ಎತ್ತು. ಒಂದು ಗುಂಡಿ ಒತ್ತಿದರೆ ಯಾವ ದನಿಗಾದರೂ ಅದು ಕೂತುಬಿಡುತ್ತಿತ್ತು. ಅದನ್ನು ಅವರು 'ಅಚ್ಚು' ಎಂದು ಕರೆದರು. ಆ ವಾರಕ್ಕೆಂದು ಮಾಡಿದ ಅಚ್ಚು ವರ್ಷಗಟ್ಟಲೆ ಉಳಿಯಿತು. ನಾಯಕಿಗೂ ಅದೇ, ಖಳನಿಗೂ ಅದೇ, ಸೋಪಿನ ಜಾಹೀರಾತಿಗೂ ಅದೇ.

ಬೇಸರ ಬಾಗಿಲು ತಟ್ಟಿ ಬರಲಿಲ್ಲ. ಒಂದು ದಿನ ಬೆಳಿಗ್ಗೆ ಹೆಡ್‌ಫೋನು ಕಿವಿಗೆ ಹಾಕುವಾಗ ಅದು ಹೆಲ್ಮೆಟ್ಟಿನಷ್ಟು ಭಾರವೆನಿಸಿತು. ಇನ್ನೊಂದು ದಿನ, ಒಂದಿಡೀ ಕಂತು ಮುಗಿಸಿ ಕಳಿಸಿದ ಮೇಲೆ, ಅದರಲ್ಲಿ ಯಾರು ಸತ್ತರೆಂದು ಅವರಿಗೆ ಹೇಳಲಾಗಲಿಲ್ಲ. ಮೂರು ಆನ್‌ಲೈನ್ ಕೋರ್ಸುಗಳಿಗೆ ಸೇರಿದರು. ಮೂರೂ ಎರಡನೆಯ ಪಾಠದಲ್ಲಿ ನಿಂತಿವೆ. ಪಾಠ ಹೇಳುವ ನಗುಮುಖದ ಯುವಕ, ದಿನವೂ ಹೊಸತೊಂದನ್ನು ಕಲಿಯಿರಿ, ಉತ್ಸಾಹ ಬಿಡಬೇಡಿ ಎನ್ನುವ ಹೊತ್ತಿಗೆ ಇವರ ತಲೆ ಎದೆಯ ಮೇಲೆ ಬಾಗಿರುತ್ತಿತ್ತು.

ಮನೆಯಲ್ಲಿ ಅವರಿಗೆ ಸದ್ದು ಬೇಡ. ಮಿಕ್ಸಿ ಅವರು ಬರುವುದರೊಳಗೆ ಓಡಿ ಮುಗಿದಿರಬೇಕು. ಫೋನುಗಳು ಅಲುಗಾಡುತ್ತವೆಯೇ ಹೊರತು ಕೂಗುವುದಿಲ್ಲ. ಜೊತೆಯಲ್ಲೇ ಇರುವ ಅತ್ತೆ ಟಿವಿಯನ್ನು ದನಿಯಿಲ್ಲದೆ ನೋಡುತ್ತಾರೆ, ಅದೂ ಅಳಿಯನೇ ಸೌಂಡ್ ಮಾಡಿ ಕಳಿಸಿದ ಧಾರಾವಾಹಿಯನ್ನು.

"ಬೇಜಾರಾಗಲ್ವಾ ಅತ್ತೆ, ಹಾಗೆ ಮೂಕವಾಗಿ ನೋಡೋಕೆ?" ಎಂದು ಒಮ್ಮೆ ಕೇಳಿದರು.

"ಇಲ್ಲ ಅಳಿಯಂದ್ರೇ. ನೀವು ಹಾಕೋ ಸೌಂಡ್ ಇಲ್ದಿದ್ರೆ ಕಥೆ ಚೆನ್ನಾಗಿ ಅರ್ಥ ಆಗುತ್ತೆ. ಅವಳು ಏನಂತಾಳೋ ನಾನೇ ಅಂದ್ಕೋತೀನಿ. ನಾನು ಅಂದಿದ್ದೇ ಇನ್ನೂ ಚೆನ್ನಾಗಿರುತ್ತೆ."

ಹೆಂಡತಿ ಆಸ್ಪತ್ರೆಯೊಂದರಲ್ಲಿ ಫಿಸಿಯೊಥೆರಪಿಸ್ಟ್. ದಿನವಿಡೀ ಬೇರೆಯವರ ಕೈಕಾಲು ಎತ್ತಿ ಮಡಿಸಿ ಬಂದವರಿಗೆ ಸಂಜೆ ನಾಲ್ಕು ಮಾತಾಡಬೇಕೆನಿಸುವುದು ಸಹಜ. ಇವರಿಗೆ ಆ ಹೊತ್ತಿನಲ್ಲಿ ಮಾತೂ ಒಂದು ಸದ್ದು. ಕ್ಯಾಬಿನ್ ವಿಷಯ ತಿಳಿದಾಗ ಹೆಂಡತಿ ಹೇಳಿದ್ದು ಇಷ್ಟೇ:

"ತಗೊಳ್ರಿ. ಅಲ್ಲಿ ದಿನವಿಡೀ ಮಾತಾಡ್ತೀರಿ, ಇಲ್ಲಿಗೆ ಬಂದೂ ಎರಡು ಮಾತಾಡೋ ಅಭ್ಯಾಸ ಆಗುತ್ತೆ."

ತಮಾಷೆಯಂತೆಯೇ ಹೇಳಿದರು. ಆದರೆ ಒಗೆದ ಬಟ್ಟೆ ಮಡಿಸುತ್ತಿದ್ದವರು ಮುಖ ಎತ್ತಲಿಲ್ಲ.

ಹಾಗೆ ಕ್ಯಾಬಿನ್ ಕಡೆಗೆ ಅವರ ಮನಸ್ಸು ಮುಕ್ಕಾಲು ಪಾಲು ವಾಲಿತ್ತು. ಉಳಿದ ಕಾಲುಪಾಲನ್ನು ಅಲುಗಾಡಿಸಿದ್ದು ಒಂದು ಮಧ್ಯಾಹ್ನದ ರೆಕಾರ್ಡಿಂಗ್.

ದೊಡ್ಡ ಕಾದಂಬರಿಯೊಂದನ್ನು ಆಡಿಯೊ ಪುಸ್ತಕವಾಗಿ ಮಾಡುವ ಕೆಲಸ ಬಂದಿತ್ತು. ಓದುವವರು 'ಅಜ್ಜಿ'. ವಯಸ್ಸಿನಲ್ಲಿ ಸ್ವಲ್ಪ ಸಾರ್‌ಗಿಂತ ಚಿಕ್ಕವರು. ಇಪ್ಪತ್ತೈದಕ್ಕೇ ಒಂದು ಧಾರಾವಾಹಿಯಲ್ಲಿ ಮುದುಕಿಗೆ ದನಿ ಕೊಟ್ಟಿದ್ದರು, ಆಮೇಲೆ ಯಾರೂ ಅವರಿಗೆ ಹರೆಯದ ಪಾತ್ರ ಕೊಡಲಿಲ್ಲ. ಅವರೂ ಆ ಹೆಸರನ್ನು ಒಪ್ಪಿಕೊಂಡು, ಚಹಾ ತರುವವನಿಗೆ "ಅಜ್ಜಿಗೆ ಸಕ್ಕರೆ ಕಮ್ಮಿ ಕಣಪ್ಪ" ಎನ್ನುತ್ತಾರೆ. ಅಂದು ಗಾಜಿನ ಆಚೆ, ಸದ್ದಾಗದಂತೆ ಎಸಿ ನಿಲ್ಲಿಸಿದ ಕೋಣೆಯಲ್ಲಿ, ಅವರು ಬೆವರು ಒರೆಸಿಕೊಳ್ಳುತ್ತಾ ಓದುತ್ತಿದ್ದರು. ಈಚೆ ಸ್ವಲ್ಪ ಸಾರ್, ಅವರ ಬೆನ್ನ ಹಿಂದಿನ ಸೋಫಾದಲ್ಲಿ ನಿರ್ದೇಶಕರು, ಪಕ್ಕದ ಕಂಪ್ಯೂಟರಿನ ಮುಂದೆ ಎರಡನೆಯ ಇಂಜಿನಿಯರ್. ಈಕೆ ಮೂವತ್ತು ದಾಟಿದ ಹೆಣ್ಣುಮಗಳು. ಬೇರೊಂದು ಸ್ಟುಡಿಯೊದಲ್ಲಿ ಪಳಗಿ ವರ್ಷದ ಹಿಂದೆ ಇಲ್ಲಿಗೆ ಬಂದವರು. ಮಾತು ಕಡಿಮೆ.

ನಿರ್ದೇಶಕರಿಗೆ ದನಿ ಯಾಕೋ ಹಿಡಿಸಲಿಲ್ಲ. "ಏನೋ ಮುಚ್ಚಿಕೊಂಡ ಹಾಗಿದೆ ಸಾರ್. ಸ್ವಲ್ಪ ಬಿಚ್ಚಿಕೊಳ್ಳಬೇಕು."

ಇಂಥ ಮಾತು ಸ್ವಲ್ಪ ಸಾರ್‌ಗೆ ಹೊಸದಲ್ಲ. ದನಿಯ ತಗ್ಗು, ನಡು, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಒಂದು ಹಳೆಯ ಪೆಟ್ಟಿಗೆ ಅವರ ಬಲಗೈ ಬಳಿ ಇತ್ತು. ಅದರ ದಪ್ಪ ತಿರುಪೊಂದನ್ನು ಹಿಡಿದು ಬಲಕ್ಕೆ ತಿರುಗಿಸಿದರು. ಒಂದಿಷ್ಟು ಹಿಂದಕ್ಕೆ. ಮತ್ತೆ ಒಂದೆಳೆ ಮುಂದಕ್ಕೆ. ಕಣ್ಣು ಅರೆಮುಚ್ಚಿತ್ತು.

"ಈಗ?"

"ಹಾಂ, ಬರ್ತಾ ಇದೆ," ಎಂದರು ನಿರ್ದೇಶಕರು ಮುಂದಕ್ಕೆ ಬಾಗಿ.

ಇನ್ನೊಂದು ತಿರುಪು. "ಈಗ ನೋಡಿ."

"ಆಯ್ತು. ಇದೇ. ಇದೇ ಬೇಕಿತ್ತು. ಪರದೆ ಸರಿಸಿದ ಹಾಗಾಯ್ತು."

ಸ್ವಲ್ಪ ಸಾರ್‌ಗೂ ಹಾಗೆಯೇ ಕೇಳಿಸಿತ್ತು. ದನಿಯ ಮೇಲಿನ ಮಬ್ಬು ಜಾರಿಹೋಗಿ, ಉಸಿರಿನ ಅಂಚು ಸ್ಪಷ್ಟವಾದದ್ದು ಅವರ ಕಿವಿಗೆ ಖಚಿತವಾಗಿ ಕೇಳಿಸಿತ್ತು. ಬಹಳ ದಿನಗಳ ಮೇಲೆ ಸಣ್ಣದೊಂದು ತೃಪ್ತಿಯೂ ಆಗಿತ್ತು. ಎರಡನೆಯ ಇಂಜಿನಿಯರ್ ಆಗ ಕುರ್ಚಿ ಸರಿಸಿ ಹತ್ತಿರ ಬಂದು, ನಿರ್ದೇಶಕರಿಗೆ ಕೇಳದಷ್ಟು ದನಿ ತಗ್ಗಿಸಿ ಹೇಳಿದರು:

"ಸಾರ್, ಪೆಟ್ಟಿಗೆ ಆನ್ ಇಲ್ಲ."

ಪೆಟ್ಟಿಗೆಯ ಮೂಲೆಯ ಹಸಿರು ದೀಪ ಆರಿತ್ತು. ದನಿ ಅದರೊಳಗೆ ಹೋಗುತ್ತಲೇ ಇರಲಿಲ್ಲ, ಪಕ್ಕದಿಂದ ಹಾದು ನೇರ ಹೊರಗೆ ಬರುತ್ತಿತ್ತು. ಅವರು ತಿರುಗಿಸಿದ ತಿರುಪುಗಳು ಏನನ್ನೂ ಬದಲಿಸಿರಲಿಲ್ಲ. ನಿರ್ದೇಶಕರಿಗೆ ಈ ಮಾತು ಕೇಳದೆ ಹೋಗುತ್ತಿತ್ತೇನೋ. ಆದರೆ ಕಲಾವಿದರೊಂದಿಗೆ ಮಾತಾಡುವ ಮೈಕಿನ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ಗಾಜಿನ ಆಚೆಯಿಂದ ಅಜ್ಜಿಯ ದನಿ ಸ್ಪೀಕರಿನಲ್ಲಿ ಬಂತು.

"ಆನ್ ಇಲ್ವಾ? ಹಾಗಾದ್ರೆ ಇಷ್ಟೊತ್ತೂ ನಾನೇ ಚೆನ್ನಾಗಾಗ್ತಾ ಇದ್ನಾ?"

ನಿರ್ದೇಶಕರು ಸೋಫಾದ ಮೇಲೆ ಬಿದ್ದು ನಕ್ಕರು. ಎರಡನೆಯ ಇಂಜಿನಿಯರ್ ತುಟಿ ಕಚ್ಚಿಕೊಂಡರು. ಸ್ವಲ್ಪ ಸಾರ್ ಕೂಡ ನಕ್ಕು, "ಸ್ವಲ್ಪ ನೀರು ಕುಡೀರಿ, ಮುಂದುವರಿಸೋಣ," ಎಂದರು. ಅಂದಿನ ಪಾಲಿನ ಪುಟಗಳು ಮುಗಿದವು.

ಸಂಜೆ ಮೆಟ್ಟಿಲ ಬಳಿ ಎರಡನೆಯ ಇಂಜಿನಿಯರ್ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿದ್ದರು.

"ಬೇಜಾರು ಮಾಡ್ಕೋಬೇಡಿ ಸಾರ್. ಈ ಕೆಲಸದಲ್ಲಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಇದು ಆಗಿರುತ್ತೆ. ನನಗೆ ಎರಡು ಸಲ ಆಗಿದೆ. ಒಂದು ಸಲ ಬೇರೆ ಹಾಡಿನ ದನಿ ಏರಿಳಿಸೋ ಫೇಡರ್ ಹಿಡ್ಕೊಂಡು ಅರ್ಧ ಗಂಟೆ ತಿದ್ದಿದೀನಿ."

"ಆನ್ ಇಲ್ದೇ ಇದ್ದಿದ್ದಕ್ಕೆ ಬೇಜಾರಿಲ್ಲಮ್ಮ. ನನಗೆ ಕೇಳಿಸ್ತು. ಅದು ನನ್ನ ತೊಂದರೆ."

ಆಕೆ ಚಪ್ಪಲಿಯ ಪಟ್ಟಿ ಬಿಗಿದು, "ಕೈ ತಿರುಗಿದ್ರೆ ಕಿವಿ ನಂಬಿಬಿಡುತ್ತೆ ಸಾರ್," ಎಂದರು.

"ಮತ್ತೆ ನೀನು ಏನ್ಮಾಡ್ತೀಯ?"

"ಕೈಗೆ ಗೊತ್ತಾಗದ ಹಾಗೆ ಕೇಳ್ತೀನಿ. ತಿದ್ದಿದ್ದು ಒಂದು, ತಿದ್ದದೇ ಇರೋದು ಒಂದು, ಎರಡನ್ನೂ ಒಂದೇ ಜೋರಿಗೆ ತಂದಿಟ್ಕೋತೀನಿ. ಯಾವುದು ಯಾವುದು ಅಂತ ನೋಡದೆ ನನ್ನ ತಮ್ಮನ ಕೈಲಿ ಹಾಕಿಸ್ತೀನಿ. ಜೋರು ಒಂದೇ ಇರಬೇಕು ಸಾರ್. ಇಲ್ದಿದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ."

ಇದು ಸ್ವಲ್ಪ ಸಾರ್‌ಗೆ ತಿಳಿಯದ್ದೇನಲ್ಲ. ಕಂಬಳಿ ತೂಗುಹಾಕುತ್ತಿದ್ದ ಕಾಲದಲ್ಲಿ ಹೀಗೇ ಮಾಡುತ್ತಿದ್ದರು. ಯಾವಾಗ ಬಿಟ್ಟರೆಂದು ಮಾತ್ರ ನೆನಪಾಗಲಿಲ್ಲ.

ಆ ವಾರವೇ ಕಿವಿಯ ಡಾಕ್ಟರ ಬಳಿ ಹೋದರು. ಎರಡು ಕಿವಿಗೂ ಸದ್ದು ಹಾಕಿ ನೋಡಿದ ಡಾಕ್ಟರು, ವಯಸ್ಸಿಗೆ ತಕ್ಕಂತೆ ಸರಿಯಾಗೇ ಇದೆ, ನಿಶ್ಚಿಂತೆಯಾಗಿರಿ ಎಂದರು. ನಿಶ್ಚಿಂತೆ ಆಗಲಿಲ್ಲ. ಕಿವಿ ಮಂದವಾಗಿದೆ ಎಂದಿದ್ದರೆ ಗೌರವದಿಂದ ಕ್ಯಾಬಿನ್ ಸೇರಬಹುದಿತ್ತು, ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಕಿವಿ ಸರಿಯಿದ್ದೂ ಕೇಳುತ್ತಿಲ್ಲವೆಂದರೆ ಅದಕ್ಕೆ ಯಾರ ಬಳಿ ಚೀಟಿ ಬರೆಸುವುದು?

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸ್ಟುಡಿಯೊದ ಹೆಡ್‌ಫೋನು ಸಿಕ್ಕಿಸಿ, ಅತ್ತೆಯನ್ನು ಕರೆದರು.

"ಅತ್ತೆ, ಒಂದು ಆಟ. ಎಡಗಡೆ ಬಾಣ ಒತ್ತಿದ್ರೆ ಒಂದು ದನಿ, ಬಲಗಡೆದು ಒತ್ತಿದ್ರೆ ಇನ್ನೊಂದು. ಎರಡೂ ಒಂದೊಂದು ಸಲ ಕೇಳಿಸಿ. ಆಮೇಲೆ ನಿಮಗೆ ಇಷ್ಟ ಬಂದಿದ್ದನ್ನ ಒತ್ತಿ. ಯಾವುದು ಒತ್ತಿದ್ರಿ ಅಂತ ನಾನು ಹೇಳ್ಬೇಕು."

"ಹೇಳ್ದಿದ್ರೆ?"

"ಹೇಳ್ದಿದ್ರೆ ತಪ್ಪು ಅನ್ನಿ."

"ಅಳಿಯನಿಗೆ ತಪ್ಪು ಅನ್ನೋಕೆ ಇಷ್ಟು ವರ್ಷ ಕಾಯ್ಬೇಕಾಯ್ತು ನೋಡು," ಎಂದು ಅತ್ತೆ ಮಗಳ ಕಡೆ ತಿರುಗಿ ಹೇಳಿ, ಕನ್ನಡಕ ಹಾಕಿಕೊಂಡು ಕೂತರು.

ಮೊದಲ ಹತ್ತು ಹನ್ನೆರಡು ಬಾರಿ ಇವರು ಹೇಳಿದ್ದೆಲ್ಲ ಸರಿಯಾಯಿತು. ಅತ್ತೆಯ ಮುಖ ನೋಡಿ ಹೇಳುತ್ತಿದ್ದೇನೆಂದು ಆಮೇಲೆ ಅರಿವಾಯಿತು. ಆಕೆ ಬಲಗಡೆಯದನ್ನು ಒತ್ತಿದಾಗಲೆಲ್ಲ ತುಟಿ ಬಿಗಿಯುತ್ತಿದ್ದರು. ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡರು. ಅಲ್ಲಿಂದ ತಪ್ಪುಗಳು ಶುರುವಾದವು.

ವ್ಯತ್ಯಾಸ ದೊಡ್ಡದಿದ್ದರೆ ಹಿಡಿಯುತ್ತಿದ್ದರು. ದಿನವೂ ಕೆಲಸದಲ್ಲಿ ಮಾಡುವ ಸಣ್ಣ ತಿದ್ದುಪಡಿಗಳು, ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ ಎಂದುಕೊಂಡಿದ್ದವು, ಗೋಡೆಯ ಕಡೆ ಮುಖ ಮಾಡಿ ಕೂತಾಗ ಒಂದರ ಹಾಗೆ ಇನ್ನೊಂದು ಕೇಳಿಸಿದವು.

"ಅರ್ಧ ಸರಿ, ಅರ್ಧ ತಪ್ಪು," ಎಂದರು ಅತ್ತೆ. "ಇದು ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ರೂ ಆಗುತ್ತಲ್ಲ ಅಳಿಯಂದ್ರೇ."

"ಅಮ್ಮ," ಎಂದರು ಹೆಂಡತಿ ಅಡುಗೆಮನೆಯಿಂದ.

"ನಾನೇನಂದೆ? ಅವರೇ ತಪ್ಪು ಅನ್ನಿ ಅಂದ್ರು."

ಇದು ದಿನವೂ ನಡೆಯಿತು, ಸಂಜೆ ಸ್ಟುಡಿಯೊದಿಂದ ಬಂದು ಕೈಕಾಲು ತೊಳೆದ ಕೂಡಲೇ. ಅದರಲ್ಲಿ ಉತ್ಸಾಹವೇನೂ ಇರಲಿಲ್ಲ. ಬೆನ್ನು ನೋಯುತ್ತಿತ್ತು. ದಿನವಿಡೀ ಕೇಳಿ ಬಂದ ಕಿವಿಯನ್ನು ಮತ್ತೆ ಕೇಳಲು ಕೂರಿಸುವುದು, ಗದ್ದೆ ಉತ್ತು ಬಂದ ಎತ್ತನ್ನು ಗಾಣಕ್ಕೆ ಕಟ್ಟಿದಂತೆ. ಕೆಲವು ದಿನ ಹೆಡ್‌ಫೋನಿನೊಳಗೇ ಕಣ್ಣು ಮುಚ್ಚಿಹೋಗಿ, ಅತ್ತೆ ಭುಜ ತಟ್ಟಿ "ಎಡವೋ ಬಲವೋ ನಿದ್ದೆಯೋ?" ಎಂದು ಕೇಳುತ್ತಿದ್ದರು. ಸ್ವಲ್ಪ ಸಾರ್ ಬಿಡದಿದ್ದದ್ದು ಹಟದಿಂದಲೂ ಅಲ್ಲ. ಕ್ಯಾಬಿನ್ನಿಗೆ ಹೋಗುವುದಾದರೆ, ಏನನ್ನು ಬಿಟ್ಟು ಹೋಗುತ್ತಿದ್ದೇನೆ ಎಂಬುದಾದರೂ ತಿಳಿದಿರಲಿ ಎಂಬ ಯೋಚನೆ ಇತ್ತು. ಬಿಟ್ಟುಹೋಗಲು ಏನೂ ಉಳಿದಿಲ್ಲವೆಂದಾದರೆ ನಿರಾಳವಾಗಿ ಹೋಗಬಹುದು.

ಹೆಂಡತಿಗೆ ಇದು ರುಚಿಸಲಿಲ್ಲ. ಒಂದು ಸಂಜೆ ಮೇಜಿನ ಬಳಿ ಬಂದು ನಿಂತು ಕೇಳಿದರು.

"ಕ್ಯಾಬಿನ್ ಬೇಡ ಅನ್ನೋಕೆ ದಾರಿ ಹುಡುಕ್ತಿದೀರಾ, ಇಲ್ಲ ಬೇಕು ಅನ್ನೋಕಾ?"

"ಗೊತ್ತಿಲ್ಲ ಕಣೇ."

"ನನ್ನ ಹತ್ರ ಬರೋರು ಕೈ ಬಿದ್ದುಹೋಗಿ ಬಂದಿರ್ತಾರೆ. ಲೋಟ ಹಿಡಿಯೋಕೆ ಆರು ತಿಂಗಳು ಬೇಕಾಗುತ್ತೆ. ಅವರಿಗೆ ಬೇರೆ ದಾರಿ ಇಲ್ಲ, ಮಾಡ್ತಾರೆ. ನಿಮಗೆ ದಾರಿ ಇದೆ. ಕುರ್ಚಿ ಹಾಕಿ ಕರೀತಿದಾರೆ. ಆದ್ರೂ ಗೋಡೆ ನೋಡ್ತಾ ಕೂತಿದೀರ."

ಹೆಂಡತಿ ಉತ್ತರಕ್ಕೆ ಕಾಯಲಿಲ್ಲ. ನೀರಿನ ಲೋಟವನ್ನು ಲ್ಯಾಪ್‌ಟಾಪಿನಿಂದ ದೂರ ಸರಿಸಿಟ್ಟು ಒಳಗೆ ಹೋದರು.

ತಿಂಗಳ ಕೊನೆ ಹತ್ತಿರವಾಗುವ ಹೊತ್ತಿಗೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿತ್ತು. ದನಿಯ ನಡುಭಾಗದಲ್ಲಿ, ಮೂಗಿನ ಗುಣ ಕೂತಿರುವ ಜಾಗದಲ್ಲಿ, ಅವರ ಕಿವಿ ಮೆಲ್ಲಗೆ ಚಿಗುರುತ್ತಿತ್ತು. ಅಲ್ಲಿ ಚೂರು ಬದಲಾದರೂ ಗೋಡೆ ನೋಡುತ್ತಲೇ ಹೇಳುತ್ತಿದ್ದರು. ತೀರ ಮೇಲಿನ ಭಾಗದಲ್ಲಿ ಇನ್ನೂ ನಾಣ್ಯ ಚಿಮ್ಮುವುದೇ. ಹೇಳಿಕೊಳ್ಳುವಂಥ ಬೆಳವಣಿಗೆಯಲ್ಲ.

ಆ ಶನಿವಾರ ಅವರು ಬೇರೆ ಎರಡು ದನಿ ತಂದರು. ಒಂದು, ಅಜ್ಜಿ ಓದಿದ ಪುಟ, ಮೈಕಿನಿಂದ ಬಂದದ್ದು ಬಂದ ಹಾಗೆ. ಇನ್ನೊಂದು, ಅದೇ ಪುಟ, ಅಚ್ಚಿನಲ್ಲಿ ಹಾಕಿ ತೆಗೆದದ್ದು. ಎರಡನ್ನೂ ಒಂದೇ ಜೋರಿಗೆ ತಂದಿದ್ದರು. ಇಂದು ಯಾವುದು ಯಾವುದೆಂದು ಹೇಳಬೇಕಿರಲಿಲ್ಲ, ಯಾವುದು ಚೆನ್ನಾಗಿದೆಯೆಂದು ಹೇಳಿದರೆ ಸಾಕು. ಅಜ್ಜಿ ಓದಿದ್ದರಲ್ಲೇ ಬೇರೆಬೇರೆ ಪುಟಗಳು, ನಾಯಕನ ದನಿ, ಖಳನ ದನಿ, ಹೀಗೆ ಹಲವು ಜೋಡಿಗಳಿದ್ದವು. ಅತ್ತೆ ಒತ್ತುತ್ತಾ ಹೋದರು, ಇವರು ಹೇಳುತ್ತಾ ಹೋದರು. ಮುಗಿದ ಮೇಲೆ ಕುರ್ಚಿ ತಿರುಗಿಸಿದರು.

"ಏನಾಯ್ತು ಅತ್ತೆ?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಹೆಚ್ಚುಕಮ್ಮಿ ಎಲ್ಲ ಸಲವೂ ಎಡಗಡೆದೇ ಚೆನ್ನಾಗಿದೆ ಅಂದ್ರಿ. ಒಂದೆರಡು ಬಿಟ್ರೆ."

ಎಡಗಡೆಯದು ಏನೂ ಮಾಡದ ದನಿ.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ, ದಿನವೂ, ಸಾವಿರಾರು ಕಂತು. ಪ್ರತಿಯೊಂದು ದನಿಯನ್ನೂ ಎತ್ತಿಕೊಂಡು, ಇದ್ದದ್ದಕ್ಕಿಂತ ಸ್ವಲ್ಪ ಕೆಡಿಸಿ ಕಳಿಸಿದ್ದರು. ಅಳು ಬರುವಂಥ ದುಃಖವೇನೂ ಆಗಲಿಲ್ಲ. ತಪ್ಪು ಬಸ್ಸು ಹತ್ತಿ ಬಹಳ ದೂರ ಬಂದವನಿಗೆ ಆಗುವ ಸುಸ್ತು ಆಯಿತು. ಇಳಿದು ಮತ್ತೆ ಅಷ್ಟೂ ದೂರ ಹೋಗಬೇಕಲ್ಲ ಎಂಬ ಸುಸ್ತು.

"ಒಳ್ಳೇದಾಯ್ತೋ ಕೆಟ್ಟದಾಯ್ತೋ?" ಎಂದರು ಅತ್ತೆ.

"ಕೇಳಿಸ್ತು ಅತ್ತೆ. ಅಷ್ಟು ಮಟ್ಟಿಗೆ ಒಳ್ಳೇದು."

ಸೋಮವಾರದ ಕಂತನ್ನು ಅವರು ಅಚ್ಚಿಲ್ಲದೆ ಮಾಡಿದರು. ಪ್ರತಿ ದನಿಯನ್ನೂ ಮೊದಲು ಹಾಗೇ ಕೇಳಿ, ಬೇಕಾದಲ್ಲಿ ಮಾತ್ರ ಕೈ ಹಾಕಿದರು. ಹೆಚ್ಚಿನ ಕಡೆ ಕೈ ಹಾಕಲಿಲ್ಲ, ಆದರೆ ಹಾಕಬಾರದೆಂದು ತಿಳಿಯಲು ಹೊತ್ತು ಹಿಡಿಯಿತು. ಸಂಜೆ ಚಾನೆಲ್ಲಿನವರು ಎರಡು ಸಲ ಫೋನು ಮಾಡಿದರು. ಮೂರನೆಯ ಸಲ ಮಾಲೀಕರಿಗೇ ಮಾಡಿದರು. ಕಂತು ಹೋಗಿ ಪ್ರಸಾರವಾಯಿತು. ಮರುದಿನ ಚಾನೆಲ್ಲಿನಿಂದಾಗಲಿ, ನಿರ್ದೇಶಕರಿಂದಾಗಲಿ, ಯಾರಿಂದಲೂ ಒಂದು ಮಾತಿಲ್ಲ.

ಮಾಲೀಕರು ಖಾಲಿ ಕ್ಯಾಬಿನ್ನಿಗೆ ಕರೆದು ಬಾಗಿಲು ಮುಚ್ಚಿದರು.

"ಏನು ಗುರು ಇದು? ಮಧ್ಯಾಹ್ನಕ್ಕೆ ಮುಗಿಯೋ ಕೆಲಸ."

"ಹಳೆ ಅಚ್ಚು ತೆಗೆದುಹಾಕ್ದೆ. ದನಿ ಕೆಡಿಸ್ತಾ ಇತ್ತು."

"ಯಾರಂದ್ರು?"

"ನಾನೇ."

"ನಾನೂ ನೋಡ್ದೆ ನಿನ್ನೆ. ಹಿಂದಿನದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಯಾರಿಗೂ ಗೊತ್ತಾಗಲ್ಲ ಗುರು."

"ಹೂಂ. ಗೊತ್ತಾಗಲ್ಲ."

ಮಾಲೀಕರು ವಾದವನ್ನು ನಿರೀಕ್ಷಿಸಿದ್ದರು. ಅದು ಬರದೆ ಹೋದಾಗ ತುಸು ಮೆತ್ತಗಾದರು. "ಮತ್ತೆ? ಈ ಕುರ್ಚಿ?"

ಕಿಟಕಿಯಿಂದ ಒಳ್ಳೆಯ ಬೆಳಕೇ ಬರುತ್ತಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಕಾಲಿನಿಂದ ಒದ್ದು ಒದ್ದು ಎಬ್ಬಿಸುತ್ತಿದ್ದರು. ಸ್ವಲ್ಪ ಸಾರ್ ಅದನ್ನು ನೋಡುತ್ತಾ ಹೇಳಿದರು:

"ಬೇಡ. ಈಗ ಬೇಡ ಅಂತಲ್ಲ, ಬೇಡ. ನನಗೆ ಅರ್ಧ ಕೇಳ್ತಾ ಇದೆ. ಇನ್ನರ್ಧ ಕೇಳುತ್ತೋ ಇಲ್ವೋ ನೋಡ್ಬೇಕು."

"ಹಾಗೆ ನೋಡ್ತಾ ಕೂತ್ರೆ ದಿನದ ಕಂತು ಹೋಗಲ್ಲ."

"ಹೋಗಲ್ಲ. ಧಾರಾವಾಹಿ ನನ್ನ ಕೈಯಿಂದ ತಗೊಳ್ಳಿ."

ಆ ಮಾತಿಗೆ ಸ್ವತಃ ಅವರೇ ಸಿದ್ಧರಿರಲಿಲ್ಲ. ಅವರು ಇಷ್ಟು ದಿನ ಕೂರುತ್ತಿದ್ದ ದೊಡ್ಡ ರೂಮು ಎಂದರೆ ಧಾರಾವಾಹಿ. ಅದನ್ನು ಕೊಟ್ಟರೆ ಉಳಿಯುವುದು ಮೆಟ್ಟಿಲ ಪಕ್ಕದ ಸಣ್ಣ ರೂಮು, ಅಲ್ಲಿ ಪುಸ್ತಕ ಓದಿಸುವ ಕೆಲಸ ಮಾತ್ರ. ಮಾಲೀಕರು ತಲೆ ಕೆರೆದುಕೊಂಡು, ಫೋನು ನೋಡಿ, ಮತ್ತೆ ತಲೆ ಕೆರೆದುಕೊಂಡು ಒಪ್ಪಿದರು. ದೊಡ್ಡ ರೂಮು ಎರಡನೆಯ ಇಂಜಿನಿಯರ್‌ಗೆ ಹೋಯಿತು. ಸ್ವಲ್ಪ ಸಾರ್ ಅವರ ಸಂಬಳದಲ್ಲೂ ಒಂದು ಭಾಗ ಆ ಕಡೆ ಹೋಯಿತು. ಕ್ಯಾಬಿನ್ನಿಗೆ ಹೊರಗಿನವರೊಬ್ಬರು ಬರುವುದೆಂದಾಯಿತು.

ರೂಮು ಬದಲಾಯಿಸುವ ದಿನ ಎರಡನೆಯ ಇಂಜಿನಿಯರ್ ಸಂಕೋಚದಿಂದ ಬಾಗಿಲಲ್ಲಿ ನಿಂತರು.

"ಸಾರ್, ಒಂದು ಮಾತು. ಆ ಅಚ್ಚು ಇದೆಯಲ್ಲ, ಅದನ್ನ ನನಗೆ ಕೊಡ್ತೀರಾ?"

ಸ್ವಲ್ಪ ಸಾರ್ ತಂತಿ ಸುತ್ತುತ್ತಿದ್ದವರು ನಿಲ್ಲಿಸಿದರು. "ಯಾಕಮ್ಮ? ಅದು ಒಳ್ಳೇದಲ್ಲ ಅಂತ ನಿನಗೇ ಗೊತ್ತು."

"ಗೊತ್ತು ಸಾರ್. ಆದ್ರೆ ದಿನಾ ಸಂಜೆಯೊಳಗೆ ಕಂತು ಹೋಗ್ಬೇಕು. ಕೂತು ಕೇಳೋಕೆ ಟೈಮಿಲ್ಲ."

ಅವರು ಬೇಡ ಎನ್ನಬಹುದಿತ್ತು. ಬುದ್ಧಿಮಾತು ಹೇಳಬಹುದಿತ್ತು. ಆಕೆಯ ಕಣ್ಣ ಕೆಳಗೆ ಆಗಲೇ ಕಪ್ಪು ಮೂಡಿತ್ತು. ಕಂಪ್ಯೂಟರಿನ ಮುಂದೆ ಕೂತು, ಅಳಿಸಲೆಂದು ಬದಿಗಿಟ್ಟಿದ್ದ ಅಚ್ಚನ್ನು ಹುಡುಕಿ ಆಕೆಯ ಪೆನ್ ಡ್ರೈವಿಗೆ ಹಾಕಿಕೊಟ್ಟರು.

"ಮೇಲಿನ ಭಾಗ ಸ್ವಲ್ಪ ಇಳಿಸ್ಕೋ. ಜಾಸ್ತಿ ಇದೆ."

"ಆಯ್ತು ಸಾರ್."

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವರು "ಸಣ್ಣ ರೂಮಲ್ಲಿ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ?" ಎಂದು ಕೇಳಿದರು.

"ಐದೂವರೆ. ಓದೋರ ಗಂಟಲು ಅದಕ್ಕಿಂತ ಹೆಚ್ಚು ತಡೆಯಲ್ಲ."

"ಹಾಗಾದ್ರೆ ಆರೂವರೆಗೆ ಮನೇಲಿರಿ. ಮಾತಾಡ್ದಿದ್ರೂ ಪರವಾಗಿಲ್ಲ, ನಾನು ಮಾತಾಡೋದನ್ನ ಕೇಳಿ. ಅದೂ ಪ್ರಾಕ್ಟೀಸೇ ಅಲ್ವಾ?"

ಇದು ಕ್ಷಮೆಯೋ ಷರತ್ತೋ ಅವರಿಗೆ ತಿಳಿಯಲಿಲ್ಲ. ಒಪ್ಪಿಕೊಂಡರು.

ಸಣ್ಣ ರೂಮಿನಲ್ಲಿ ಈಗ ಕಾದಂಬರಿಯ ಉಳಿದ ಭಾಗ ನಡೆಯುತ್ತಿದೆ. ಅಲ್ಲಿ ಎರಡು ಕುರ್ಚಿ, ಒಂದು ಮೈಕು, ಒಂದು ಗಾಜು. ಗೋಡೆಗೆ ಅಂಟಿಸಿದ ಫೋಮು ಹಳದಿಯಾಗಿ ಅಂಚಿನಲ್ಲಿ ಪುಡಿಯುದುರುತ್ತದೆ. ಮೊದಲ ದಿನ ಅಜ್ಜಿ ಒಂದು ಪುಟ ಓದಿ ಮುಗಿಸಿ, ಕಾಗದ ಕೆಳಗಿಟ್ಟು, ಗಾಜಿನ ಈಚೆ ನೋಡಿದರು.

"ಹೇಗಿದೆ ಸಾರ್? ಏನಾದ್ರೂ ತಿರುಗಿಸ್ಬೇಕಾ?"

ಸ್ವಲ್ಪ ಸಾರ್ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವರಿಗೆ ಸುಸ್ತಾಗಿತ್ತು, ಬೆಳಗಿನ ಹನ್ನೊಂದು ಗಂಟೆಗೇ. ದನಿ ಚೆನ್ನಾಗಿತ್ತು. ಅದರ ಮೇಲಿನ ಭಾಗದಲ್ಲಿ ಎಲ್ಲೋ ಏನೋ ಒಂದು ಇತ್ತು ಅಥವಾ ಇರಲಿಲ್ಲ.

"ಇನ್ನೂ ಗೊತ್ತಾಗಿಲ್ಲ," ಎಂದರು. "ಇನ್ನೊಂದು ಪುಟ ಓದಿ."